ಆಗುಂಬೆಯಲ್ಲಿ ಐದು ದಿನ: ಹೆಣೆದುಕೊಂಡ ಹಾವುಗಳ ಬೆನ್ನು ಹತ್ತಿ

ಮೊದಲ ದಿನ

ಚಿತ್ರದುರ್ಗದ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಜೀವಶಾಸ್ತ್ರ ಕಲಿಸಿದ ನಾನು ಒಂದು ತಪ್ಪನ್ನು ಅಷ್ಟೂ ವರ್ಷ ತಪ್ಪದೆ ಕಲಿಸಿದ್ದೆ. ಬೇಸಿಗೆಯ ಹೊತ್ತಿಗೆ ಶಾಲೆಯ ಹಿಂದಿನ ಹೊಲದ ಬದುವಿನಲ್ಲಿ ಎರಡು ಕೇರೆ ಹಾವುಗಳು ಹಗ್ಗ ಹೊಸೆದಂತೆ ಒಂದಕ್ಕೊಂದು ಸುತ್ತಿಕೊಂಡು ಎದ್ದು ನಿಂತಾಗಲೆಲ್ಲ, ಹುಡುಗರನ್ನು ದೂರದಲ್ಲಿ ಸಾಲಾಗಿ ನಿಲ್ಲಿಸಿ, ‘ನೋಡಿ, ಇದು ಹಾವುಗಳ ಮಿಲನ’ ಎಂದು ಹೇಳುತ್ತಿದ್ದೆ. ಅವು ಗಂಡು ಹೆಣ್ಣುಗಳಲ್ಲ, ಎರಡೂ ಗಂಡೇ. ಅಲ್ಲಿ ನಡೆಯುತ್ತಿದ್ದುದು ಸರಸವಲ್ಲ, ಕುಸ್ತಿ ಎಂಬುದು ನಿವೃತ್ತನಾದ ಮೇಲೆ ಪುರುಸೊತ್ತಿನಲ್ಲಿ ಓದಲು ಕುಳಿತಾಗ ತಿಳಿಯಿತು. ಆಮೇಲೆ ಆ ಹುಡುಗರ ಮುಖಗಳು ಒಂದೊಂದಾಗಿ ನೆನಪಾಗತೊಡಗಿದವು. ಓದಿ ತಿಳಿದುದನ್ನು ಒಮ್ಮೆಯಾದರೂ ಕಣ್ಣಾರೆ ಕಾಣಬೇಕೆಂದು 2025ರ ಮಾರ್ಚ್ ಕೊನೆಯ ವಾರ ಆಗುಂಬೆಗೆ ಹೊರಟೆ. ಅಲ್ಲಿ ನನ್ನ ಭಾವನ ಅಡಿಕೆ ತೋಟವಿದೆ ಎಂಬುದು ಒಂದು ಕಾರಣ. ಪಶ್ಚಿಮಘಟ್ಟದಲ್ಲಿ ಕಾಳಿಂಗ ಸರ್ಪಗಳು ಜೋಡಿ ಹುಡುಕಿ ತಿರುಗುವ ಕಾಲ ಬೇಸಿಗೆಯ ಈ ಮೊದಲ ಭಾಗವೇ ಎಂಬುದು ಇನ್ನೊಂದು.

ಶಿವಮೊಗ್ಗದಲ್ಲಿ ಬೆಳಗಿನ ಬಸ್ಸು ಹತ್ತಿದರೆ ಗಾಜನೂರು, ಸಕ್ರೆಬೈಲು, ಮಂಡಗದ್ದೆಗಳನ್ನು ದಾಟಿ ತುಂಗೆಯ ಜೊತೆಜೊತೆಗೇ ತೀರ್ಥಹಳ್ಳಿಗೆ ಬಂದು ಸೇರುತ್ತೇವೆ. ಅಲ್ಲಿಂದ ಆಗುಂಬೆ ಇನ್ನೊಂದು ಗಂಟೆಯ ದಾರಿ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಊರೆಂದು ಪಾಠದಲ್ಲಿ ಹೇಳಿ ಹೇಳಿ ಅಭ್ಯಾಸವಾಗಿದ್ದ ನನಗೆ, ಬಸ್ಸಿನಿಂದ ಇಳಿದಾಗ ಕಾಲಿಗೆ ತಗುಲಿದ್ದು ಒಣ ಧೂಳು. ಹಳ್ಳಗಳು ಬತ್ತಿ ಗುಂಡಿಗಳಾಗಿದ್ದವು, ಕಾನಿನೊಳಗಿನ ತರಗೆಲೆ ಕಾಲಿಟ್ಟರೆ ಹಪ್ಪಳದಂತೆ ಮುರಿಯುತ್ತಿತ್ತು.

ರಾತ್ರಿ ಜಗುಲಿಯ ಮೇಲೆ ಎಲೆಯಡಿಕೆ ಹಾಕುತ್ತ ಭಾವ ನನ್ನ ಉದ್ದೇಶವನ್ನು ಕೇಳಿ ನಕ್ಕರು. ‘ಕೇರೆ ಎಂದರೆ ಗಂಡು, ನಾಗರ ಎಂದರೆ ಹೆಣ್ಣು, ಅವೆರಡೂ ಕೂಡುತ್ತವೆ; ಇದಕ್ಕೆ ಇಷ್ಟು ದೂರ ಬರಬೇಕೆ’ ಎಂದರು. ಅವರ ಅಜ್ಜನ ಕಾಲದಲ್ಲಿ ಹಾವುಗಳು ಜಡೆಯಾಡುವುದು ಕಂಡರೆ ಹೊಸ ಪಂಚೆಯನ್ನು ಅವುಗಳ ಮೇಲೆ ಎಸೆದು, ಆಮೇಲೆ ಅದನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಡುತ್ತಿದ್ದರಂತೆ; ಮನೆಗೆ ಸಂತಾನವೂ ಸಂಪತ್ತೂ ಬರುತ್ತದೆ ಎಂದು ನಂಬಿಕೆ. ಕೇರೆ ಮತ್ತು ನಾಗರ ಬೇರೆ ಬೇರೆ ಕುಟುಂಬಗಳಿಗೆ ಸೇರಿದವು, ಪ್ರತಿಯೊಂದು ಜಾತಿಯಲ್ಲೂ ಗಂಡೂ ಇದೆ ಹೆಣ್ಣೂ ಇದೆ, ಅವುಗಳ ನಡುವೆ ಸಂಬಂಧವೇನಾದರೂ ಇದ್ದರೆ ಅದು ತಿನ್ನುವ ಸಂಬಂಧವೇ ಹೊರತು ಕೂಡುವ ಸಂಬಂಧವಲ್ಲ ಎಂದು ನಾನು ವಿವರಿಸಲು ಹೊರಟೆ. ಭಾವ ಆಕಳಿಸಿದರು. ಮೇಷ್ಟ್ರ ಚಾಳಿ ಬಿಡಲಿಲ್ಲವೆಂದು ನನಗೇ ನಾಚಿಕೆಯಾಗಿ ಸುಮ್ಮನಾದೆ.

ಎರಡನೆಯ ದಿನ

ಇಷ್ಟು ಬೇಗ ಅದೃಷ್ಟ ಒದಗುತ್ತದೆಂದು ಎಣಿಸಿರಲಿಲ್ಲ. ಬೆಳಿಗ್ಗೆ ಹತ್ತರ ಸುಮಾರಿಗೆ ಹಾಳೆ ಹೆಕ್ಕುತ್ತಿದ್ದ ಹೆಂಗಸೊಬ್ಬರು ತೋಟದ ಕೆಳಭಾಗದಿಂದ, ‘ಹಾವು ಜಡೆ ಹಾಕಿವೆ, ಬೇಗ ಬನ್ನಿ’ ಎಂದು ಕೂಗಿದರು. ಹೋಗಿ ನೋಡಿದರೆ ಬಸಿಗಾಲುವೆಯ ಅಂಚಿನಲ್ಲಿ ಎರಡು ದೊಡ್ಡ ಕೇರೆ ಹಾವುಗಳು. ಒಂದು ಸುಮಾರು ಎರಡು ಮೀಟರ್, ಇನ್ನೊಂದು ಅದಕ್ಕಿಂತ ಗೇಣುದ್ದ ಕಡಿಮೆ ಇರಬಹುದು. ಬಾಲದಿಂದ ನಡುವಿನವರೆಗೆ ಹುರಿಗಟ್ಟಿದ ಹಗ್ಗ. ನಡುವಿನಿಂದ ಮೇಲಕ್ಕೆ ಎರಡು ಕತ್ತುಗಳು ಬೇರೆಯಾಗಿ, ನೆಲದಿಂದ ಮೊಳಕ್ಕಿಂತ ಎತ್ತರಕ್ಕೆ ಏರಿ, ಒಂದು ಇನ್ನೊಂದರ ಮೇಲೆ ತನ್ನ ಭಾರವನ್ನು ಹೇರಲು ತವಕಿಸುತ್ತಿದ್ದವು. ಒಂದರ ತಲೆ ಮೇಲಾದ ಕೂಡಲೇ ಅದು ಕತ್ತನ್ನು ಕೊಕ್ಕೆಯಂತೆ ಬಾಗಿಸಿ ಎದುರಾಳಿಯನ್ನು ಕೆಳಕ್ಕೆ ಒತ್ತುತ್ತಿತ್ತು. ಕೆಳಗಾದದ್ದು ಮೈಯನ್ನು ತಿರುಚಿ ಜಾರಿ ಮತ್ತೆ ಏಳುತ್ತಿತ್ತು. ಎರಡೂ ಒಟ್ಟಿಗೆ ಧೊಪ್ಪನೆ ಬೀಳುತ್ತಿದ್ದವು. ಎರಡು ಬಾರಿ ಕಾಲುವೆಯೊಳಗೇ ಉರುಳಿ ಕೆಸರಾಗಿ ಮೇಲೆ ಬಂದವು, ಹಿಡಿತವನ್ನು ಮಾತ್ರ ಬಿಡಲಿಲ್ಲ.

ನಾನು ಗಡಿಯಾರ ನೋಡಿಕೊಂಡು ಅಡಿಕೆಮರದ ಬುಡದಲ್ಲಿ ಕುಳಿತೆ. ಮೂವತ್ತೆಂಟು ನಿಮಿಷ ನಡೆಯಿತು. ಅಷ್ಟರಲ್ಲಿ ಒಮ್ಮೆಯೂ ಒಂದು ಇನ್ನೊಂದನ್ನು ಕಚ್ಚಲಿಲ್ಲ. ಕೇರೆಗೆ ವಿಷವಿಲ್ಲ, ನಿಜ; ಆದರೆ ಅದನ್ನು ಬರಿಗೈಯಲ್ಲಿ ಹಿಡಿಯಲು ಹೋದವರಿಗೆ ಅದು ಎಷ್ಟು ರೋಷದಿಂದ ಕಚ್ಚುತ್ತದೆಂಬುದು ಗೊತ್ತು. ಅಂಥ ಹಾವು ಹೆಣ್ಣಿಗಾಗಿ ಹೋರಾಡುವಾಗ ಬಾಯಿ ಮುಚ್ಚಿಕೊಂಡೇ ಹೋರಾಡುತ್ತದೆ. ನಮ್ಮ ಗರಡಿಮನೆಯ ಕಟ್ಟಳೆಗಳನ್ನು ನೆನಪಿಸುವ ಈ ಸಂಯಮವನ್ನು ಕಂಡಾಗ, ನೋಡುವವರು ಇದನ್ನು ಪ್ರೀತಿಯೆಂದು ಓದಿಕೊಂಡದ್ದರಲ್ಲಿ ಅಚ್ಚರಿಯೇನಿಲ್ಲ ಎನಿಸಿತು. ಕಡೆಗೆ ಚಿಕ್ಕದರ ತಲೆ ನೆಲಕ್ಕೆ ಅಂಟಿಕೊಂಡು ಏಳದಾಯಿತು. ಒಂದು ಕ್ಷಣ ಹಾಗೆಯೇ ಇದ್ದು, ಹುರಿಯನ್ನು ಸರಸರನೆ ಬಿಚ್ಚಿಕೊಂಡು ಅದು ಬೇಲಿಯತ್ತ ಓಡಿತು. ಗೆದ್ದದ್ದು ಹತ್ತು ಮಾರು ಅಟ್ಟಿಸಿಕೊಂಡು ಹೋಗಿ, ನಿಂತು, ನಾಲಿಗೆ ಚಾಚುತ್ತ ಹಿಂದಿರುಗಿತು. ಹೆಣ್ಣು ಎಲ್ಲಿತ್ತೋ ನನಗೆ ಕಾಣಲಿಲ್ಲ. ಅದು ಹತ್ತಿರದಲ್ಲೇ ಎಲೆಯ ಮರೆಯಲ್ಲಿ ಇದ್ದಿರಬಹುದು, ಅಥವಾ ಬೆಳಗಿನ ಜಾವ ಆ ದಾರಿಯಲ್ಲಿ ತನ್ನ ವಾಸನೆಯನ್ನಷ್ಟೇ ಬಿಟ್ಟು ಹೋಗಿದ್ದಿರಬಹುದು.

ಮಧ್ಯಾಹ್ನದ ಊಟದ ಹೊತ್ತಿಗೆ ಭಾವನ ಪ್ರಶ್ನೆ ಸಿದ್ಧವಾಗಿತ್ತು: ಎರಡೂ ಗಂಡೆಂದು ಹೇಳುವುದು ಹೇಗೆ? ನ್ಯಾಯವಾದ ಪ್ರಶ್ನೆಯೇ. ಹಾವಿನ ಗಂಡುತನ ಹೊರಗೆ ಕಾಣುವಂಥದ್ದಲ್ಲ. ಗಂಡಿಗೆ ಎರಡು ಶಿಶ್ನಗಳಿದ್ದು, ಅವೆರಡೂ ಬಾಲದ ಬುಡದೊಳಗೆ ಒಳಮಗುಚಿ ಮಡಿಸಿಕೊಂಡಿರುತ್ತವೆ. ಆದ್ದರಿಂದ ಗಂಡಿನ ಬಾಲದ ಬುಡ ತುಸು ದಪ್ಪ, ಬಾಲ ಸಾಮಾನ್ಯವಾಗಿ ತುಸು ಉದ್ದ. ಕೂಡುವಾಗ ಒಮ್ಮೆಗೆ ಒಂದೇ ಬಳಕೆಯಾಗುತ್ತದೆ, ಹೆಣ್ಣು ಯಾವ ಬದಿಗೆ ಸಿಕ್ಕಳೋ ಆ ಬದಿಯದು. ಹೋರಾಡುವ ಹಾವುಗಳನ್ನು ಹಿಡಿದು ಪರೀಕ್ಷಿಸಿದ ಮೇಲೆಯೇ ಈ ಗುಟ್ಟು ರಟ್ಟಾದದ್ದು. ಅದಕ್ಕೆ ಮೊದಲು, ಇಪ್ಪತ್ತನೆಯ ಶತಮಾನ ಸಾಕಷ್ಟು ಕಳೆಯುವವರೆಗೂ, ಪಾಶ್ಚಾತ್ಯ ಪ್ರಾಣಿಶಾಸ್ತ್ರಜ್ಞರಲ್ಲಿ ಅನೇಕರು ಇದನ್ನು ಪ್ರಣಯನೃತ್ಯವೆಂದೇ ಬರೆದರು. ಹಾಗಾಗಿ ನನ್ನ ತಪ್ಪಿಗೆ ಗೌರವಸ್ಥರ ಜೊತೆಯಿದೆ ಎಂದು ಭಾವನಿಗೆ ಹೇಳಿ ಸಮಾಧಾನಪಟ್ಟುಕೊಂಡೆ.

ಎಲ್ಲ ಹಾವುಗಳೂ ಹೀಗೆ ಹೋರಾಡುವುದಿಲ್ಲ ಎಂಬುದನ್ನೂ ಹೇಳಬೇಕು. ಹಾವುಗಳಲ್ಲಿ ಬಹುತೇಕ ಹೆಣ್ಣೇ ದೊಡ್ಡದು, ಏಕೆಂದರೆ ದೊಡ್ಡ ಒಡಲಿನಲ್ಲಿ ಹೆಚ್ಚು ಮೊಟ್ಟೆ ಹಿಡಿಯುತ್ತದೆ. ಆದರೆ ಗಂಡುಗಳು ಕುಸ್ತಿ ಹಿಡಿಯುವ ಜಾತಿಗಳಲ್ಲಿ ಗಂಡು ಹೆಣ್ಣಿನಷ್ಟೇ ದೊಡ್ಡದಾಗಿ ಅಥವಾ ಅದಕ್ಕಿಂತ ದೊಡ್ಡದಾಗಿ ಬೆಳೆಯುವುದು ಹೆಚ್ಚು ಎಂದು ಆಸ್ಟ್ರೇಲಿಯಾದ ರಿಕ್ ಶೈನ್ 1978ರಲ್ಲಿ ಹಲವು ಜಾತಿಗಳನ್ನು ಹೋಲಿಸಿ ತೋರಿಸಿದರು. ಮೈಭಾರವೇ ಗೆಲುವನ್ನು ನಿರ್ಧರಿಸುವ ಕಡೆ ಮೈ ಬೆಳೆಸಿದವನ ಸಂತತಿ ಉಳಿಯುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ಕೆನಡಾದ ಮ್ಯಾನಿಟೋಬಾ ಪ್ರಾಂತದ ನಾರ್ಸಿಸ್ ಎಂಬಲ್ಲಿನ ಗಾರ್ಟರ್ ಹಾವುಗಳ ಕಥೆ. ಅಲ್ಲಿ ಚಳಿಗಾಲವಿಡೀ ಸುಣ್ಣಕಲ್ಲಿನ ಬಿಲಗಳಲ್ಲಿ ಸಾವಿರ ಸಾವಿರ ಹಾವುಗಳು ಒಟ್ಟಿಗೆ ಮಲಗಿ, ವಸಂತದಲ್ಲಿ ಗಂಡುಗಳು ಮೊದಲು ಹೊರಬಂದು ಕಾಯುತ್ತವೆ. ಹೆಣ್ಣು ಹೊರಬಂದ ಕೂಡಲೇ ಹತ್ತಾರು ಗಂಡುಗಳು ಮುತ್ತಿ ಅದನ್ನು ಉಂಡೆಗಟ್ಟುತ್ತವೆ. ಕುಸ್ತಿಯಿಲ್ಲ, ನೂಕುನುಗ್ಗಲು ಮಾತ್ರ. ನೂಕುನುಗ್ಗಲಿನಲ್ಲಿ ದೊಡ್ಡ ಮೈಯಿಂದ ಅಷ್ಟಾಗಿ ಲಾಭವಿಲ್ಲವಾದ್ದರಿಂದ ಅಲ್ಲಿಯ ಗಂಡುಗಳು ಹೆಣ್ಣಿಗಿಂತ ಬಹಳ ಸಣ್ಣವು. ಕೆಲವು ಗಂಡುಗಳು ಹೆಣ್ಣಿನ ವಾಸನೆಯನ್ನೇ ಮೈಯಿಂದ ಸೂಸಿ ಉಳಿದ ಗಂಡುಗಳ ದಾರಿ ತಪ್ಪಿಸುವುದೂ ಉಂಟು. ಹೆಣ್ಣಿನ ಬೆನ್ನಿನ ಮೇಲಿನ ಆ ವಾಸನೆ ಮೀಥೈಲ್ ಕೀಟೋನ್ ಎಂಬ ಜಿಡ್ಡಿನಂಥ ವಸ್ತುಗಳದ್ದೆಂದು 1989ರಲ್ಲಿ ಗುರುತಿಸಲಾಯಿತು. ಭಾವನಿಗೆ ಹಿಡಿಸಿದ್ದು ಹೆಣ್ಣಿನ ವೇಷದ ಗಂಡಿನ ಭಾಗ. ‘ಯಕ್ಷಗಾನದ ಸ್ತ್ರೀವೇಷ’ ಎಂದರು.

ಮೂರನೆಯ ದಿನ

ಈ ದಿನದ ಬಗ್ಗೆ ಹೇಳುವಂಥದ್ದು ಕಡಿಮೆ. ಹಿಂದೆ ಕಾಳಿಂಗಗಳ ಅಧ್ಯಯನದಲ್ಲಿ ದಾರಿ ತೋರುವ ಕೆಲಸ ಮಾಡಿದ್ದ ಸ್ಥಳೀಯ ಯುವಕನೊಬ್ಬನ ಜೊತೆ ಸೂರ್ಯ ಹುಟ್ಟುವುದಕ್ಕೆ ಮೊದಲೇ ಹೊರಟು, ಕಾನು, ಸೊಪ್ಪಿನ ಬೆಟ್ಟ, ಬತ್ತಿದ ಹಳ್ಳಗಳ ಪಾತ್ರ ಸುತ್ತಿ, ಸಂಜೆ ಬರಿಗೈಯಲ್ಲಿ ಮರಳಿದೆವು. ಇಂಬಳಗಳು ಇಲ್ಲದ ಕಾಲವಾದ್ದರಿಂದ ಕಾಲಿಗೆ ನೆಮ್ಮದಿ ಇತ್ತು, ಅಷ್ಟೇ.

ನಡೆಯುತ್ತ ಆತ ಹೇಳಿದ ಮಾತುಗಳು ಮಾತ್ರ ದಾಖಲಿಸಲು ಯೋಗ್ಯವಾದವು. ಹಾವುಗಳ ತಜ್ಞ ರೊಮ್ಯುಲಸ್ ವಿಟೇಕರ್ ಅವರು ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಕಟ್ಟಿದ್ದು 2005ರಲ್ಲಿ. 2008ರಿಂದ ಕಾಳಿಂಗಗಳ ಮೈಯೊಳಗೆ ಪುಟ್ಟ ರೇಡಿಯೋ ಸಾಧನವನ್ನು ಶಸ್ತ್ರಚಿಕಿತ್ಸೆಯಿಂದ ಇರಿಸಿ, ದಿನವಿಡೀ ಅವುಗಳ ಹಿಂದೆ ನಡೆಯುವ ಅಧ್ಯಯನ ಆರಂಭವಾಯಿತು. ಆವರೆಗೆ ಕಾಳಿಂಗವನ್ನು ಜನ ನೋಡುತ್ತಿದ್ದುದು ಕೊಟ್ಟಿಗೆಯಲ್ಲಿ, ಬಾವಿಯಲ್ಲಿ, ಸ್ನಾನದ ಮನೆಯಲ್ಲಿ ಅಚಾನಕ್ ಆಗಿ. ಅದು ದಿನವೆಲ್ಲ ಏನು ಮಾಡುತ್ತದೆ ಎಂದು ನೋಡಿದವರಿರಲಿಲ್ಲ. ಬೆನ್ನು ಹತ್ತಿ ನಡೆದಾಗ ತಿಳಿದದ್ದು, ಜೋಡಿಯ ಕಾಲದಲ್ಲಿ ಗಂಡುಗಳು ಊಟವನ್ನೂ ಮರೆತವರಂತೆ ದೂರ ದೂರ ತಿರುಗುತ್ತವೆ ಎಂಬುದು. ದಾರಿ ಕಾಣಿಸುವುದು ಕಣ್ಣಲ್ಲ, ನಾಲಿಗೆ. ಹೆಣ್ಣು ತೆವಳಿ ಹೋದ ನೆಲದಲ್ಲಿ ಉಳಿದ ವಾಸನೆಯ ಕಣಗಳನ್ನು ನಾಲಿಗೆಯ ಎರಡು ತುದಿಗಳು ಬೇರೆ ಬೇರೆಯಾಗಿ ಬಳಿದುಕೊಂಡು ಬಾಯಿಯ ಮೇಲ್ಛಾವಣಿಯಲ್ಲಿರುವ ಜೇಕಬ್ಸನ್ ಅಂಗಕ್ಕೆ ಒಪ್ಪಿಸುತ್ತವೆ; ಎಡತುದಿಯಲ್ಲಿ ಹೆಚ್ಚೋ ಬಲತುದಿಯಲ್ಲಿ ಹೆಚ್ಚೋ ಎಂಬುದರಿಂದ ಯಾವ ಕಡೆ ತಿರುಗಬೇಕೆಂದು ತಿಳಿಯುತ್ತದೆ. ‘ಎರಡು ನಾಲಿಗೆ’ ಎಂಬುದನ್ನು ನಾವು ಬೈಗುಳ ಮಾಡಿಕೊಂಡಿದ್ದೇವೆ. ಹಾವಿಗೆ ಅದು ದಿಕ್ಸೂಚಿ.

ಇನ್ನೊಂದು ಸಂಗತಿಯನ್ನು ಆತ ಹೆಮ್ಮೆಯಿಂದ ಹೇಳಿದ. 1836ರಲ್ಲಿ ಥಿಯೋಡರ್ ಕ್ಯಾಂಟರ್ ಹೆಸರಿಟ್ಟಂದಿನಿಂದ ಏಷ್ಯಾದಲ್ಲೆಲ್ಲ ಕಾಳಿಂಗವೆಂದರೆ ಒಂದೇ ಜಾತಿ ಎಂದು ಎಣಿಸುತ್ತ ಬರಲಾಗಿತ್ತು. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಅವರ ಸಹಸಂಶೋಧಕರು ಅದನ್ನು ನಾಲ್ಕಾಗಿ ಬಿಡಿಸಿ, ಪಶ್ಚಿಮಘಟ್ಟದ ಹಾವಿಗೆ ಓಫಿಯೊಫೇಗಸ್ ಕಾಳಿಂಗ ಎಂದು ಹೆಸರಿಟ್ಟರು. ನಮ್ಮ ಅಜ್ಜಿಯರು ಕರೆದ ಹೆಸರೇ ಈಗ ಶಾಸ್ತ್ರದ ಹೆಸರು. ಓಫಿಯೊಫೇಗಸ್ ಎಂದರೆ ಹಾವುಗಳನ್ನು ತಿನ್ನುವುದು ಎಂದರ್ಥ. ಈ ಅರ್ಥ ಮರುದಿನ ಬೇರೆ ರೀತಿಯಲ್ಲಿ ನೆನಪಾಗಲಿತ್ತು.

ನಾಲ್ಕನೆಯ ದಿನ

ಬೆಳಿಗ್ಗೆ ಏಳೂವರೆಗೆ ಯುವಕನ ಫೋನು ಬಂತು. ಬಿದರಗೋಡಿನ ಕಡೆಯ ಒಂದು ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ, ಹುತ್ತದ ಪಕ್ಕದ ಬಿಲವೊಂದರಲ್ಲಿ ಹೆಣ್ಣು ಕಾಳಿಂಗ ಎರಡು ದಿನದಿಂದ ಸೇರಿಕೊಂಡಿದೆ, ಹೊರಗೆ ಗಂಡೊಂದು ಕಾವಲಿದೆ, ಈಗ ಇನ್ನೊಂದು ಗಂಡು ಬಂದಿದೆ ಎಂಬ ಸುದ್ದಿ. ಭಾವ ಚಪ್ಪಲಿ ಮೆಟ್ಟುವುದನ್ನೂ ಮರೆತು ಬೈಕು ಹತ್ತಿದರು.

ನಾವು ಹೋಗುವ ಹೊತ್ತಿಗೆ ಜನ ನೆರೆದಿದ್ದರು. ಅರಣ್ಯ ಇಲಾಖೆಯ ಕಾವಲುಗಾರರೊಬ್ಬರು ಬಂದು, ಐವತ್ತು ಹೆಜ್ಜೆ ದೂರದಲ್ಲಿ ಗೆರೆ ಎಳೆದು ಯಾರೂ ದಾಟದಂತೆ ನೋಡಿಕೊಳ್ಳುತ್ತಿದ್ದರು. ಮಲೆನಾಡಿನ ಜನ ಕಾಳಿಂಗವನ್ನು ಕಂಡು ಹೆದರುತ್ತಾರೆ, ಆದರೆ ಬಡಿಗೆ ಹುಡುಕುವುದಿಲ್ಲ. ಚಪ್ಪಲಿ ಬಿಟ್ಟು ಕೈಮುಗಿದವರೂ ಅಲ್ಲಿದ್ದರು. ಹೋರಾಟ ಮೊದಲಾಗಿ ಅರ್ಧ ಗಂಟೆಯಾಗಿತ್ತಂತೆ.

ಕೇರೆಗಳ ಕುಸ್ತಿಯನ್ನು ನೋಡಿದವನಿಗೆ ಕಾಳಿಂಗಗಳ ಕುಸ್ತಿ ಅದರದೇ ದೊಡ್ಡ ಪ್ರತಿಯಾಗಿರಬಹುದು ಎಂಬ ಎಣಿಕೆಯಿತ್ತು. ಅದು ಹಾಗಿರಲಿಲ್ಲ. ಮೂರೂವರೆ ಮೀಟರಿಗೆ ಕಡಿಮೆಯಿಲ್ಲದ ಎರಡು ಕಪ್ಪು ಮೈಗಳು ಮೊದಲು ಅಕ್ಕಪಕ್ಕದಲ್ಲಿ, ಯಾವ ಅವಸರವೂ ಇಲ್ಲದೆ, ಒಂದೇ ದಿಕ್ಕಿಗೆ ಹರಿಯುತ್ತಿದ್ದವು. ಹರಿಯುತ್ತಿದ್ದಂತೆ ಎರಡರ ತಲೆಗಳೂ ಮೆಲ್ಲಗೆ ಮೇಲೇರಿದವು. ಮನುಷ್ಯನ ಸೊಂಟದ ಎತ್ತರಕ್ಕೆ ಬಂದು ನಿಂತು ಒಂದನ್ನೊಂದು ನೋಡದೆಯೇ ತೂಗಾಡಿದವು. ಹೆಡೆ ಬಿಚ್ಚಿರಲಿಲ್ಲ. ಆಮೇಲೆ ಬಲಗಡೆಯದು ತನ್ನ ಕತ್ತನ್ನು ಇನ್ನೊಂದರ ಕತ್ತಿನ ಮೇಲೆ ನಿಧಾನವಾಗಿ, ಹಿರಿಯರು ಹೆಗಲ ಮೇಲೆ ಕೈಹಾಕುವಂತೆ, ಇಟ್ಟಿತು. ಮರುಕ್ಷಣ ಎರಡೂ ನೆಲಕ್ಕೆ ಅಪ್ಪಳಿಸಿದ ಸದ್ದು ಗೆರೆಯಾಚೆ ನಿಂತಿದ್ದ ನಮ್ಮ ಅಂಗಾಲಿಗೆ ತಟ್ಟಿತು. ಒಣ ಎಲೆಗಳ ರಾಶಿ ಸಿಡಿದು ಮೇಲೆದ್ದಿತು. ಮತ್ತೆ ಅದೇ ಹರಿವು, ಅದೇ ಏರು, ಅದೇ ಅಪ್ಪಳಿಕೆ. ಎರಡು ಗಂಟೆಗೂ ಹೆಚ್ಚು ಕಾಲ ಇದು ಬೆಟ್ಟದ ಇಳಿಜಾರಿನಲ್ಲಿ ಮೇಲಕ್ಕೂ ಕೆಳಕ್ಕೂ ಸಾಗಿತು. ನಡುನಡುವೆ ಎರಡೂ ಮೈಚೆಲ್ಲಿ ಮಲಗಿ, ಹೊಟ್ಟೆ ಏರಿಳಿಯುವಂತೆ ಉಸಿರೆಳೆದುಕೊಂಡವು.

ಇಲ್ಲಿ ಸೋಲು ಗೆಲುವಿನ ಅಳತೆ ಒಂದೇ: ಯಾರ ತಲೆ ನೆಲ ಮುಟ್ಟಿ ಅಲ್ಲೇ ಉಳಿಯಿತು ಎಂಬುದು. ಆನೆಯನ್ನು ಕೆಡವುವಷ್ಟು ವಿಷ ಇದೆ ಎಂದು ಹೆಸರಾದ ಹಲ್ಲುಗಳನ್ನು ಎರಡೂ ಬಳಸಲಿಲ್ಲ. ಏಕೆ ಬಳಸುವುದಿಲ್ಲ ಎಂದು ನನ್ನ ಪಕ್ಕದಲ್ಲಿದ್ದ ಕಾಲೇಜು ಹುಡುಗ ಕೇಳಿದ. ನಾನು ಕೊಟ್ಟ ಉತ್ತರವನ್ನು ಇಲ್ಲೂ ಬರೆಯುತ್ತೇನೆ. ಕಚ್ಚುವವನು ಕಚ್ಚಿಸಿಕೊಳ್ಳಲೂಬೇಕಾಗುತ್ತದೆ; ಗೆದ್ದರೂ ಗಾಯಗೊಂಡರೆ ಆ ಗೆಲುವಿನಿಂದ ಮರಿಗಳು ಹುಟ್ಟುವುದಿಲ್ಲ. ಯಾರು ಬಲಶಾಲಿ ಎಂಬ ಒಂದೇ ಪ್ರಶ್ನೆಯನ್ನು ಒತ್ತಿ ನೋಡಿಯೇ ತೀರ್ಮಾನಿಸಬಹುದಾದಾಗ, ಸೋತವನು ಓಡಿಹೋಗಲು ಸಿದ್ಧನಿರುವಾಗ, ಕೊಲ್ಲುವುದರಿಂದ ಹೆಚ್ಚಿನದೇನೂ ದಕ್ಕುವುದಿಲ್ಲ. ಇದು ದಯೆಯೆಂದು ಭ್ರಮಿಸಬೇಕಾಗಿಲ್ಲ, ಲೆಕ್ಕಾಚಾರ. ತಲೆಮಾರುಗಳ ಮೇಲೆ ತಲೆಮಾರು ಹಾಕಿ ನೋಡಿದ ಲೆಕ್ಕ.

ಅದು ದಯೆಯಲ್ಲ ಎಂಬುದಕ್ಕೆ ಯುವಕ ಸಾಕ್ಷಿ ಹೇಳಿದ. ಕಾಳಿಂಗದ ಆಹಾರವೇ ಹಾವು. ಹೀಗೆ ಎದುರಾಳಿಯನ್ನು ಕಚ್ಚದೆ ಕಳುಹಿಸುವ ಗಂಡು, ತಾನು ಗೆದ್ದು ಪಡೆದ ಹೆಣ್ಣನ್ನೇ ಕೊಂದದ್ದನ್ನು ಆಗುಂಬೆಯಲ್ಲಿ ಹಾವುಗಳ ಬೆನ್ನು ಹತ್ತಿದವರು ಕಂಡಿದ್ದಾರೆ. ಹೆಣ್ಣು ಗಂಡಿಗಿಂತ ಚಿಕ್ಕದು, ಗಂಡು ಬಂದರೆ ಓಡಿಹೋಗುವುದೂ ಸುಲಭವಲ್ಲ. ಆ ಹೆಣ್ಣು ಮೊದಲೇ ಇನ್ನೊಂದು ಗಂಡಿನೊಂದಿಗೆ ಕೂಡಿ ಬಸಿರಾಗಿದ್ದರಿಂದ ಕೊಂದಿತೆ ಎಂದು ಊಹಿಸುವವರಿದ್ದಾರೆ. ಊಹೆ ಊಹೆಯೇ. ಆದರೆ ಬಿಲದೊಳಗೆ ಸುಮ್ಮನೆ ಕುಳಿತ ಆ ಹೆಣ್ಣಿಗೆ ಹೊರಗಿನ ಕುಸ್ತಿ ನಮಗೆ ಕಂಡಂತೆ ಬರಿಯ ಆಟವಾಗಿ ಕಂಡಿರಲಾರದು ಎಂದು ನನಗೆ ಅನಿಸಿತು.

ಹನ್ನೊಂದರ ಹೊತ್ತಿಗೆ ಹೊಸದಾಗಿ ಬಂದದ್ದು ಕಾವಲಿದ್ದದ್ದನ್ನು ಒಂದು ಬೇರಿನ ಬುಡಕ್ಕೆ ಒತ್ತಿ ಹಿಡಿಯಿತು. ಒತ್ತಡ ಸಡಿಲಿದಾಗ ಕೆಳಗಿನದು ಏಳಲಿಲ್ಲ. ತಲೆಯನ್ನು ನೆಲಕ್ಕೆ ಅಂಟಿಸಿಕೊಂಡೇ ಹಳ್ಳದ ಪಾತ್ರ ಸೇರಿ ಮರೆಯಾಯಿತು. ಹೀಗೆ ಸೋತ ಗಂಡು ಕೂಡಲೇ ಇನ್ನೊಂದು ಹೋರಾಟಕ್ಕೆ ಹೋಗುವುದು ಅಪರೂಪ. ಅಮೆರಿಕದ ಕಾಪರ್‌ಹೆಡ್ ಎಂಬ ಮಂಡಲದ ಹಾವಿನಲ್ಲಿ ಗಾರ್ಡನ್ ಷೂಯೆಟ್ 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಹಿಂದಿನ ದಿನ ಸೋತವನು ಮರುದಿನ ತನಗೆ ಸಮನಾದವನ ಎದುರೂ ಹಿಂಜರಿಯುತ್ತಿದ್ದ; ಸೋತವರ ರಕ್ತದಲ್ಲಿ ಒತ್ತಡದ ಹಾರ್ಮೋನು ಏರಿರುತ್ತಿತ್ತು. ಚುನಾವಣೆ ಸೋತವರನ್ನು ಹತ್ತಿರದಿಂದ ನೋಡಿದ ನಮ್ಮ ಭಾವನಿಗೆ ಇದಕ್ಕೆ ಯಾವ ಪುರಾವೆಯೂ ಬೇಕಾಗಲಿಲ್ಲ.

ಗೆದ್ದದ್ದು ಬಿಲದ ಬಾಯಿಗೆ ಬಂದು ನಾಲಿಗೆ ಆಡಿಸಿ, ತಲೆಯನ್ನು ಒಳಗಿಟ್ಟು ತೆಗೆದು, ಹುತ್ತದ ನೆರಳಿನಲ್ಲಿ ಸುರುಳಿ ಸುತ್ತಿ ಮಲಗಿತು. ಇನ್ನೇನೂ ನಡೆಯುವುದಿಲ್ಲ ಎಂದು ಖಚಿತವಾದ ಮೇಲೆ ಜನ ಚದುರಿದರು.

ಐದನೆಯ ದಿನ

ಬಸ್ಸು ಮಧ್ಯಾಹ್ನಕ್ಕಿತ್ತು. ಬೆಳಿಗ್ಗೆ ಇನ್ನೊಮ್ಮೆ ಬೆಟ್ಟಕ್ಕೆ ಹೋದೆವು, ಯುವಕ ಮತ್ತು ನಾನು, ಇಬ್ಬರೇ.

ಹೆಣ್ಣು ಹೊರಗೆ ಬಂದಿತ್ತು. ಗಂಡಿಗಿಂತ ಮೊಳವುದ್ದ ಕಡಿಮೆ, ಬಣ್ಣ ತುಸು ಕಂದು. ಗಂಡು ಅದರ ಬೆನ್ನ ಮೇಲೆ ಉದ್ದಕ್ಕೂ ತನ್ನ ಗಲ್ಲವನ್ನು ಒತ್ತುತ್ತ, ನಾಲಿಗೆಯನ್ನು ಬಿಡುವಿಲ್ಲದೆ ತಾಗಿಸುತ್ತ, ಬಾಲದಿಂದ ಕತ್ತಿನವರೆಗೆ ತೆವಳಿ ಬಂತು. ಹೆಣ್ಣು ಸರಿದಾಗ ಅದೂ ಸರಿಯಿತು. ಒಮ್ಮೆ ಮೂತಿಯಿಂದ ಹೆಣ್ಣಿನ ಕತ್ತಿಗೆ ಮೆತ್ತಗೆ ಗುದ್ದಿತು. ಹೀಗೆ ಒಂದು ಗಂಟೆ. ಆಮೇಲೆ ಎರಡೂ ಒಂದರ ಮೇಲೊಂದು ನೆಲಕ್ಕೆ ಚಪ್ಪಟೆಯಾಗಿ ಮಲಗಿದವು. ಬಾಲಗಳು ತರಗೆಲೆಯ ಅಡಿಯಲ್ಲಿ ಎಲ್ಲೋ ಒಂದಾಗಿದ್ದಿರಬೇಕು, ಕಾಣಲಿಲ್ಲ. ಆ ಮೇಲೆ ಅಲುಗಾಟವೇ ಇಲ್ಲ. ಎದ್ದು ನಿಲ್ಲುವುದಿಲ್ಲ, ಹುರಿಗಟ್ಟುವುದಿಲ್ಲ, ತೂಗಾಡುವುದಿಲ್ಲ. ದಾರಿಹೋಕ ಕಂಡರೆ ಬಿದ್ದ ಬಳ್ಳಿ ಎಂದು ಸುತ್ತುಬಳಸಿ ಹೋಗಬಹುದಾದ ದೃಶ್ಯ. ಹಿಂದಿನ ದಿನ ಗೆರೆಯಾಚೆ ನೂರು ಜನರಾದರೂ ಇದ್ದರು. ಇಂದು ನಿಜವಾಗಿಯೂ ಮಿಲನ ನಡೆಯುವಾಗ ಇಬ್ಬರಿದ್ದೆವು, ಅದರಲ್ಲಿ ಒಬ್ಬನಾದ ಯುವಕ ಮರಕ್ಕೊರಗಿ ತೂಕಡಿಸುತ್ತಿದ್ದ. ನಾನು ಕಲಿಸಿದ ಪಾಠದ ಎಡವಟ್ಟು ಎಲ್ಲಿತ್ತೆಂದು ಆಗ ಪೂರ್ತಿ ತಿಳಿಯಿತು. ಕಣ್ಣಿಗೆ ಬಿದ್ದದ್ದಕ್ಕೆ ನಾವು ಹೆಸರಿಟ್ಟೆವು. ಹೆಸರಿಡಬೇಕಾದದ್ದು ಕಣ್ಣಿಗೆ ಬೀಳುವಂಥದ್ದಾಗಿರಲಿಲ್ಲ.

ತೀರ್ಥಹಳ್ಳಿಯಲ್ಲಿ ಮುಂದಿನ ಬಸ್ಸಿಗೆ ಕಾಯುವಾಗ ಒಂದು ಅಶ್ವತ್ಥಕಟ್ಟೆಯ ನೆರಳಿಗೆ ಹೋದೆ. ಕಟ್ಟೆಯ ಮೇಲೆ ಏಳೆಂಟು ನಾಗರಕಲ್ಲುಗಳು. ಅವುಗಳಲ್ಲಿ ನಾಲ್ಕರಲ್ಲಿ ಎರಡು ಹಾವುಗಳು ಹುರಿಗಟ್ಟಿ ಎದ್ದು, ಮುಖಕ್ಕೆ ಮುಖ ಕೊಟ್ಟು ನಿಂತಿದ್ದವು. ಒಂದರಲ್ಲಿ ಹುರಿಯ ನಡುವಿನ ಕಿಂಡಿಯಲ್ಲಿ ಪುಟ್ಟ ಲಿಂಗ. ಮಕ್ಕಳಾಗಲೆಂದು ಹರಕೆ ಹೊತ್ತ ಎಷ್ಟೋ ಹೆಂಗಸರು ಈ ಹುರಿಗೆ ಅರಿಸಿನ ಹಚ್ಚಿದ್ದಾರೆ, ಹಾಲೆರೆದಿದ್ದಾರೆ. ಕಲ್ಲುಕುಟಿಗರ ಮನಸ್ಸಿನಲ್ಲಿ ಏನಿತ್ತೆಂದು ಹೇಳಲು ನಾನು ಯಾರೂ ಅಲ್ಲ. ಆದರೆ ಆ ನಿಲುವನ್ನು ಅವರು ಹೊಲದ ಬದುವಿನಲ್ಲಿ ನೋಡಿಯೇ ಕೆತ್ತಿದ್ದರೆ, ಅವರು ಕಂಡದ್ದು ನಾನು ಎರಡನೆಯ ದಿನ ಕಂಡದ್ದೇ ಇರಬೇಕು. ಅಷ್ಟರಲ್ಲಿ ವಯಸ್ಸಾದ ಹೆಂಗಸೊಬ್ಬರು ಬಂದು ಪ್ರದಕ್ಷಿಣೆ ಹಾಕತೊಡಗಿದರು. ಹಳೆಯ ಚಾಳಿ ನಾಲಿಗೆಯ ತುದಿಗೆ ಬಂದಿತ್ತು. ನಾನು ಸರಿದು ದಾರಿ ಬಿಟ್ಟೆ.

ಮೇ ತಿಂಗಳ ಮೂರನೆಯ ವಾರ ಯುವಕ ಮತ್ತೆ ಫೋನು ಮಾಡಿದ. ಮಳೆ ಹಿಡಿಯುವ ಮುನ್ನ, ಅದೇ ಬೆಟ್ಟದ ಮೇಲಿನ ಬಿದಿರುಮೆಳೆಯಲ್ಲಿ ಹೆಣ್ಣು ಕಾಳಿಂಗವೊಂದು ಮೈಯ ಸುರುಳಿಯಿಂದ ತರಗೆಲೆಯನ್ನು ಎಳೆದೆಳೆದು ಗುಪ್ಪೆ ಹಾಕುತ್ತಿದೆಯಂತೆ. ಹೀಗೆ ಎಲೆ ಒಟ್ಟಿ ಗೂಡು ಕಟ್ಟುವ ಹಾವು ಕಾಳಿಂಗವನ್ನು ಬಿಟ್ಟರೆ ಇನ್ನೊಂದಿಲ್ಲ. ಇಪ್ಪತ್ತರಿಂದ ನಲವತ್ತು ಮೊಟ್ಟೆ ಇಟ್ಟು, ವಾರಗಟ್ಟಲೆ ಮೇಲೆ ಕುಳಿತು ಕಾದು, ಮರಿಗಳು ಹೊರಬರುವ ಮೊದಲೇ ಅದು ಹೊರಟುಹೋಗುತ್ತದೆ. ಗೆದ್ದವನ ಮಕ್ಕಳಲ್ಲವೆ ಎಂದು ಕೇಳಿದೆ. ಆತ ನಕ್ಕ. ಕಾವಲಿದ್ದವನು ಎರಡು ದಿನ ಮೊದಲೇ ಅಲ್ಲಿಗೆ ಬಂದಿದ್ದ, ಹೆಣ್ಣು ಹಾವುಗಳು ಬೀಜವನ್ನು ಒಡಲಲ್ಲಿ ಬಹಳ ಕಾಲ ಕಾಪಿಟ್ಟುಕೊಳ್ಳಬಲ್ಲವು, ಬಿಲದೊಳಗೆ ಆ ಎರಡು ದಿನ ಏನಾಯಿತೆಂದು ನೋಡಿದವರು ಯಾರು ಎಂದ. ಅಷ್ಟರಲ್ಲಿ ಅವನ ಕಡೆ ಗುಡುಗು ಕೇಳಿಸಿತು, ಫೋನು ಕಡಿಯಿತು.